ಜಗದೀಶ ಸ್ವಾಮಿನಾಥನ್ ಮತ್ತು ಸಮಕಾಲೀನತೆಯ ಪ್ರಶ್ನೆ

ಭೋಪಾಲದ ದೊಡ್ಡ ಕೆರೆಯ ದಂಡೆಯ ಇಳಿಜಾರಿನಲ್ಲಿ, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ವಿನ್ಯಾಸದಂತೆ ನಿರ್ಮಾಣಗೊಂಡ ಭಾರತ ಭವನವನ್ನು 1982ರ ಫೆಬ್ರವರಿ 13ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ರಂಗಭೂಮಿ, ಕಾವ್ಯ, ಸಂಗೀತಗಳಿಗೆ ಬೇರೆ ಬೇರೆ ವಿಭಾಗಗಳಿದ್ದ ಆ ಕೇಂದ್ರದಲ್ಲಿ ದೃಶ್ಯಕಲೆಯ ವಿಭಾಗಕ್ಕೆ ‘ರೂಪಂಕರ್’ ಎಂದು ಹೆಸರು. ರೂಪಂಕರ್‌ನಲ್ಲಿ ಎರಡು ಸಂಗ್ರಹಗಳು ಒಂದೇ ಸೂರಿನಡಿ ನೆಲೆಗೊಂಡವು. ಒಂದು, ದೆಹಲಿ, ಮುಂಬೈ, ಬರೋಡ ಮೊದಲಾದ ನಗರಗಳ ಆಧುನಿಕ ಕಲಾವಿದರ ಕೃತಿಗಳದು. ಇನ್ನೊಂದು, ಮಧ್ಯಪ್ರದೇಶದ ಗೊಂಡ, ಭೀಲ, ಮುರಿಯಾ ಮೊದಲಾದ ಸಮುದಾಯಗಳ ಮತ್ತು ಹಳ್ಳಿಗಾಡಿನ ಕುಶಲಿಗಳ ಕೃತಿಗಳದು. ಇವೆರಡರಲ್ಲಿ ಯಾವುದೂ ಇನ್ನೊಂದರ ಪೀಠಿಕೆಯಲ್ಲ, ಯಾವುದೂ ಇನ್ನೊಂದರ ಫಲಿತವಲ್ಲ. ಎರಡೂ ಇಂದಿನವು, ಎರಡೂ ಏಕಕಾಲದವು ಎಂಬುದು ಆ ಜೋಡಣೆಯ ಹಿಂದಿದ್ದ ವಾದ. ಆ ವಾದವನ್ನು ಮಂಡಿಸಿದವರು ರೂಪಂಕರ್‌ನ ನಿರ್ದೇಶಕ, ಚಿತ್ರಕಾರ ಹಾಗೂ ಕಲಾವಿಮರ್ಶಕ ಜಗದೀಶ ಸ್ವಾಮಿನಾಥನ್.

ಇಂದು ಇದೊಂದು ಸಾಮಾನ್ಯ ಮಾತಿನಂತೆ ತೋರಬಹುದು. ಆದರೆ 1980ರ ದಶಕದ ಆರಂಭದಲ್ಲಿ ಆದಿವಾಸಿಯೊಬ್ಬ ಬರೆದ ಚಿತ್ರಕ್ಕೆ ಇದ್ದ ಜಾಗಗಳು ಎರಡೇ: ಮಾನವಶಾಸ್ತ್ರದ ವಸ್ತುಸಂಗ್ರಹಾಲಯ, ಇಲ್ಲವೇ ಕರಕುಶಲ ವಸ್ತುಗಳ ಮಾರಾಟ ಮಳಿಗೆ. ಮೊದಲನೆಯದರಲ್ಲಿ ಅದು ಜನಾಂಗವೊಂದರ ಸಾಕ್ಷ್ಯ, ಎರಡನೆಯದರಲ್ಲಿ ಮನೆಯ ಅಲಂಕಾರ. ಎರಡರಲ್ಲಿಯೂ ಬರೆದವರ ಹೆಸರಿಗೆ ಸ್ಥಳವಿರಲಿಲ್ಲ. ಆ ಸ್ಥಿತಿಯಿಂದ ಹೆಸರುಳ್ಳ ಕಲಾವಿದನ ಸ್ಥಿತಿಗೆ ಬಂದ ಹಾದಿಯನ್ನು ಅರಿಯಲು ಸ್ವಾಮಿನಾಥನ್ ಅವರ ಬದುಕನ್ನೂ ಬರಹವನ್ನೂ ಒಟ್ಟಿಗೆ ನೋಡಬೇಕಾಗುತ್ತದೆ. ಅವರಲ್ಲಿ ಚಿತ್ರಕಾರ ಮತ್ತು ವಿಮರ್ಶಕ ಎಂಬ ಇಬ್ಬರು ಸದಾ ಒಬ್ಬರೊಡನೊಬ್ಬರು ತಕರಾರು ಮಾಡುತ್ತಲೇ ಬಾಳಿದವರು.

ಸ್ವಾಮಿನಾಥನ್ ಹುಟ್ಟಿದ್ದು 1928ರ ಜೂನ್ 21ರಂದು, ಶಿಮ್ಲಾದ ಸಂಜೌಲಿಯಲ್ಲಿ. ಮನೆಮಾತು ತಮಿಳು, ಸುತ್ತಲಿನ ಮಾತು ಪಹಾಡಿ ಮತ್ತು ಹಿಂದಿ, ಮುಂದೆ ಬರೆದ ವಿಮರ್ಶೆಯ ಭಾಷೆ ಬಹುಪಾಲು ಇಂಗ್ಲಿಷ್. ವೈದ್ಯಕೀಯ ಶಿಕ್ಷಣದ ಪೂರ್ವಸಿದ್ಧತೆಗೆಂದು ದೆಹಲಿಯ ಹಿಂದೂ ಕಾಲೇಜು ಸೇರಿದ ಹುಡುಗ ಓದನ್ನು ನಡುವೆಯೇ ಬಿಟ್ಟು ಕಲ್ಕತ್ತೆಗೆ ಓಡಿಹೋದ. ಮರಳಿ ಬಂದ ಮೇಲೆ ರಾಜಕೀಯ ಅವರನ್ನು ಸೆಳೆಯಿತು. ಮೊದಲು ಕಾಂಗ್ರೆಸ್ ಸಮಾಜವಾದಿಗಳ ಒಡನಾಟ, ಸ್ವಾತಂತ್ರ್ಯಾನಂತರ ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವ. ಪಕ್ಷದ ಪೂರ್ಣಾವಧಿ ಕಾರ್ಯಕರ್ತರಾಗಿ ದುಡಿದ ಅವರು ‘ಮಜ್ದೂರ್ ಆವಾಜ್’ ಎಂಬ ಹಿಂದಿ ಪತ್ರಿಕೆಯನ್ನು ಸಂಪಾದಿಸಿದರು. ಹೊಟ್ಟೆಪಾಡಿಗೆ ಪತ್ರಿಕೋದ್ಯಮ, ಸಂಜೆಯ ಹೊತ್ತು ದೆಹಲಿ ಪಾಲಿಟೆಕ್ನಿಕ್‌ನ ಕಲಾ ತರಗತಿಗಳು. ಅಲ್ಲಿ ಶೈಲೋಜ್ ಮುಖರ್ಜಿ ಮತ್ತು ಭವೇಶ ಸಾನ್ಯಾಲ್ ಅವರಿಗೆ ಗುರುಗಳಾಗಿದ್ದರು. ಐವತ್ತರ ದಶಕದ ಕೊನೆಯಲ್ಲಿ ಪೋಲೆಂಡಿನ ವಾರ್ಸಾದ ಕಲಾ ಅಕಾಡೆಮಿಗೆ ಹೋದರಾದರೂ ಅಲ್ಲಿಯ ಶಿಕ್ಷಣವನ್ನು ಪೂರೈಸದೆ ಹಿಂದಿರುಗಿದರು. ಪದವಿಯೊಂದನ್ನೂ ಮುಗಿಸದ ಈ ವ್ಯಕ್ತಿ ದೇಶದ ಅತ್ಯಂತ ಕಟುವಾದ ಕಲಾವಿಮರ್ಶಕರಲ್ಲಿ ಒಬ್ಬರೆನಿಸಿದ್ದನ್ನು ವಿಶ್ವವಿದ್ಯಾಲಯಗಳಲ್ಲಿರುವವರು ನೆನಪಿಡುವುದು ಒಳ್ಳೆಯದು.

ಈ ನಡುವೆ, 1955ರಲ್ಲಿ ಭವಾನಿಯವರನ್ನು ಮದುವೆಯಾದ ಬಳಿಕ, ಅವರು ಮಧ್ಯಪ್ರದೇಶದ ಬೇತೂಲ್ ಕಾಡುಸೀಮೆಯಲ್ಲಿ ಕೊರ್ಕು ಜನರ ನಡುವೆ ಕೆಲಕಾಲ ಇದ್ದರು. ಚಿತ್ರಕಾರರಾಗಿ ಅವರು ಇನ್ನೂ ಕಣ್ಣು ಬಿಡುತ್ತಿದ್ದ ಕಾಲವದು. ಆ ವಾಸ ತತ್‌ಕ್ಷಣ ಯಾವ ಚಿತ್ರವಾಗಿಯೂ ಹೊಮ್ಮಲಿಲ್ಲ. ಭೋಪಾಲದ ಕೆಲಸಕ್ಕೆ ಬರುವ ವೇಳೆಗೆ ಕಾಲು ಶತಮಾನ ಕಳೆದಿತ್ತು. ಹೀಗಾಗಿ ಆದಿವಾಸಿ ಕಲೆಯ ಮೇಲಿನ ಅವರ ಆಸಕ್ತಿಯನ್ನು ಸರ್ಕಾರಿ ಹುದ್ದೆಯ ಜೊತೆಗೆ ಬಂದ ಆಸಕ್ತಿ ಎಂದು ಬಗೆಯುವುದು ಸರಿಯಲ್ಲ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಪಕ್ಷದ ನಂಟು ಕಳಚಿತ್ತು. ಬರಹ ಮಾತ್ರ ಉಳಿಯಿತು. ದೆಹಲಿಯಿಂದ ಹೊರಡುತ್ತಿದ್ದ ‘ಲಿಂಕ್’ ವಾರಪತ್ರಿಕೆಗೆ ಅವರು ಕಲಾವಿಮರ್ಶೆ ಬರೆಯತೊಡಗಿದರು. 1960ರಲ್ಲಿ ಮೊದಲ ಸಲ ತಮ್ಮ ಚಿತ್ರಗಳನ್ನು ಪ್ರದರ್ಶಿಸಿದಾಗ ಅವರಿಗೆ ಮೂವತ್ತೆರಡರ ಆಸುಪಾಸು. ಅಂದರೆ ಸಾರ್ವಜನಿಕರಿಗೆ ಸ್ವಾಮಿನಾಥನ್ ಮೊದಲು ಪರಿಚಯವಾದದ್ದು ವಿಮರ್ಶಕರಾಗಿ, ಆಮೇಲೆ ಚಿತ್ರಕಾರರಾಗಿ. ಈ ಅನುಕ್ರಮ ಅವರ ಒಟ್ಟು ಬದುಕಿಗೆ ಒಂದು ಕೀಲಿಯಂತಿದೆ: ಅವರಲ್ಲಿ ವಿಚಾರ ಹಲವು ಸಲ ಕುಂಚಕ್ಕಿಂತ ಮುಂದೆ ಓಡಿದೆ, ಕುಂಚ ಹಿಂದಿನಿಂದ ಬಂದು ಅದನ್ನು ಕೂಡಿಕೊಂಡಿದೆ.

1962ರ ಆಗಸ್ಟ್‌ನಲ್ಲಿ ಗುಜರಾತಿನ ಭಾವನಗರದ ಮನೆಯೊಂದರಲ್ಲಿ ಕೆಲವು ಕಲಾವಿದರು ಸೇರಿ ಒಂದು ಗುಂಪನ್ನು ಕಟ್ಟಿದರು. ಗುಂಪಿಗೆ ಸಿದ್ಧಾಂತದ ಹೆಸರು ಬೇಡವೆಂದು ಆ ಮನೆಯ ಸಂಖ್ಯೆಯನ್ನೇ ಇಟ್ಟರು. ಹೀಗೆ ಹುಟ್ಟಿದ್ದು ‘ಗ್ರೂಪ್ 1890’. ಈ ಸಂಖ್ಯೆಯನ್ನು ಇಸವಿಯೆಂದು ತಿಳಿದು ಹತ್ತೊಂಬತ್ತನೆಯ ಶತಮಾನದ ಗುಂಪೆಂದು ಬರೆದುಬಿಡುವ ಅಪಾಯ ವಿದ್ಯಾರ್ಥಿಗಳಿಗಿದೆ. ಜೆರಾಮ್ ಪಟೇಲ್, ಅಂಬಾದಾಸ್, ಹಿಮ್ಮತ್ ಶಾ, ಜ್ಯೋತಿ ಭಟ್, ಗುಲಾಮ್ ಮೊಹಮ್ಮದ್ ಶೇಖ್, ರೆಡ್ಡೆಪ್ಪ ನಾಯ್ಡು, ಎರಿಕ್ ಬೋವೆನ್, ರಾಘವ ಕನೇರಿಯಾ ಮೊದಲಾದವರಿದ್ದ ಈ ಗುಂಪಿನಲ್ಲಿ ಒಟ್ಟು ಹನ್ನೆರಡು ಮಂದಿ, ಹನ್ನೆರಡೂ ಗಂಡಸರೇ. ಪ್ರಣಾಳಿಕೆಯ ಹಿಂದಿನ ಮುಖ್ಯ ಧ್ವನಿ ಸ್ವಾಮಿನಾಥನ್ ಅವರದು. ರವಿವರ್ಮನ ಸಹಜಾನುಕರಣೆ, ಬಂಗಾಳ ಪಂಥದ ಭಾವುಕ ಆದರ್ಶವಾದ, ಯುರೋಪಿನಿಂದ ಸಾಲವಾಗಿ ತಂದ ಆಧುನಿಕ ಶೈಲಿಗಳ ಮಿಶ್ರಣ ಈ ಮೂರನ್ನೂ ಆ ಪ್ರಣಾಳಿಕೆ ಒಂದೇ ಉಸಿರಿನಲ್ಲಿ ನಿರಾಕರಿಸಿತು. ಕಲಾವಿದ ಮನುಕುಲದ ಉದ್ಧಾರಕನಲ್ಲ, ಚಿತ್ರ ಯಾವುದರ ವರದಿಯೂ ಅಲ್ಲ, ಅದು ತನ್ನಷ್ಟಕ್ಕೆ ತಾನೇ ಒಂದು ಇರವು ಎಂಬುದು ಅದರ ನಿಲುವಾಗಿತ್ತು. ಹತ್ತು ವರ್ಷದ ಹಿಂದೆ ಕಾರ್ಮಿಕರಿಗಾಗಿ ಪತ್ರಿಕೆ ನಡೆಸಿದ ವ್ಯಕ್ತಿಯ ಮಾತಿದು ಎಂಬುದನ್ನು ಗಮನಿಸಬೇಕು. ಕಲೆಯನ್ನು ಸಿದ್ಧಾಂತದ ವಾಹಕವಾಗಿಸುವ ಪ್ರಯತ್ನವನ್ನು ಒಳಗಿನಿಂದ ಕಂಡವರಷ್ಟೇ ಅದನ್ನು ಇಷ್ಟು ತೀವ್ರವಾಗಿ ತಿರಸ್ಕರಿಸಬಲ್ಲರು.

1963ರ ಅಕ್ಟೋಬರ್‌ನಲ್ಲಿ ದೆಹಲಿಯ ರವೀಂದ್ರ ಭವನದಲ್ಲಿ ಗುಂಪಿನ ಪ್ರದರ್ಶನ ನಡೆಯಿತು. ಉದ್ಘಾಟಿಸಿದವರು ಜವಾಹರಲಾಲ್ ನೆಹರು. ಕಿರುಹೊತ್ತಿಗೆಗೆ ಮುನ್ನುಡಿ ಬರೆದವರು ಆಗ ಭಾರತದಲ್ಲಿ ಮೆಕ್ಸಿಕೊ ದೇಶದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೊ ಪಾಜ್. ಪಾಜ್ ಮತ್ತು ಸ್ವಾಮಿನಾಥನ್ ಸ್ನೇಹ ಸಾಹಿತ್ಯ ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯ ವಿಷಯ. ಚಿತ್ರಕಾರನನ್ನು ಕುರಿತು ಪಾಜ್ ಒಂದು ಕವಿತೆಯನ್ನೂ ಬರೆದಿದ್ದಾರೆ. ಇತ್ತ ಸ್ವಾಮಿನಾಥನ್ ಅವರ ಆಪ್ತವಲಯದಲ್ಲಿ ಶಿಮ್ಲಾದಲ್ಲೇ ಹುಟ್ಟಿದ ಹಿಂದಿ ಕತೆಗಾರ ನಿರ್ಮಲ್ ವರ್ಮಾ ಇದ್ದರು. ಸ್ವತಃ ಸ್ವಾಮಿನಾಥನ್ ಬೆರಳೆಣಿಕೆಯಷ್ಟು ಹಿಂದಿ ಕವಿತೆಗಳನ್ನು ಬರೆದರು. ಅವುಗಳಲ್ಲಿ ಬೆಟ್ಟಸೀಮೆಯ ಆಡುಮಾತಿನ ಕಸುವಿದೆ. ಗ್ರೂಪ್ 1890 ಮತ್ತೆ ಒಟ್ಟಾಗಿ ಪ್ರದರ್ಶನ ನಡೆಸಲಿಲ್ಲ. ಒಂದೇ ಪ್ರದರ್ಶನ, ಒಂದೇ ಪ್ರಣಾಳಿಕೆ. ಚರಿತ್ರೆಯಲ್ಲಿ ನಿಲ್ಲಲು ಅಷ್ಟೇ ಸಾಕಾಯಿತು. 1966ರಲ್ಲಿ ಸ್ವಾಮಿನಾಥನ್ ‘ಕಾಂಟ್ರಾ’ ಎಂಬ ಪುಟ್ಟ ಪತ್ರಿಕೆಯನ್ನು ಹೊರಡಿಸಿದರು. ಅದು ಅಲ್ಪಾಯುಷಿ. ಹೆಸರೇ ಹೇಳುವಂತೆ ಅದರ ಕೆಲಸ ಪ್ರತಿರೋಧ.

ನಿರಾಕರಣೆ ಸುಲಭ. ನಿರಾಕರಿಸಿದ ಮೇಲೆ ಖಾಲಿ ಕ್ಯಾನ್ವಾಸಿನ ಎದುರು ನಿಂತಾಗ ಏನನ್ನು ಬರೆಯಬೇಕು? ಪಶ್ಚಿಮದ ಅನುಕರಣೆಯೂ ಬೇಡ, ಅಜಂತಾದ ಪುನರುಜ್ಜೀವನವೂ ಬೇಡ ಎಂದವರಿಗೆ ಉಳಿಯುವ ನೆಲೆ ಯಾವುದು? ಅರವತ್ತರ ದಶಕದ ಆರಂಭದ ಅವರ ಚಿತ್ರಗಳಲ್ಲಿ ಗೋಡೆಯ ಮೇಲಿನ ಗುರುತುಗಳನ್ನು ಹೋಲುವ ಒರಟು ಚಿಹ್ನೆಗಳಿವೆ. ಆ ದಶಕದ ನಡುವಿನಿಂದಾಚೆ ಅವು ಹಿಂದೆ ಸರಿದು, ಶುದ್ಧ ಬಣ್ಣದ ಸಮತಲ ಪಟ್ಟಿಗಳ ‘ವರ್ಣ ಜ್ಯಾಮಿತಿ’ ಸರಣಿ ಬಂತು. ಬಸೋಲಿ ಮತ್ತಿತರ ಪಹಾಡಿ ಚಿಕಣಿ ಚಿತ್ರಗಳಲ್ಲಿ ಬಣ್ಣವು ವಸ್ತುವಿನ ಮೈಬಣ್ಣವಾಗಿ ಬರುವುದಿಲ್ಲ, ತಾನೇ ಆವರಣವಾಗಿ ನಿಲ್ಲುತ್ತದೆ. ಹಳದಿ ಅಲ್ಲಿ ಬಿಸಿಲನ್ನು ತೋರಿಸುವುದಿಲ್ಲ, ಹಳದಿಯೇ ಬಿಸಿಲು. ಸ್ವಾಮಿನಾಥನ್ ಕಲಿತದ್ದು ಈ ಪಾಠವನ್ನು. 1968ರಲ್ಲಿ ಅವರಿಗೆ ಜವಾಹರಲಾಲ್ ನೆಹರು ಫೆಲೋಶಿಪ್ ದೊರೆತಾಗ ಆರಿಸಿಕೊಂಡ ವಿಷಯವೂ ಇದಕ್ಕೆ ಹೊಂದುವಂಥದು: ಪರಂಪರೆಯ ಬಿಂಬಗಳಲ್ಲಿರುವ ದೈವೀ ಸಾನ್ನಿಧ್ಯಕ್ಕೂ ಇಂದಿನ ಕಲೆಗೂ ಇರುವ ಸಂಬಂಧ.

ಆಮೇಲೆ ಬಂದದ್ದು ಅವರನ್ನು ಮನೆಮಾತಾಗಿಸಿದ ‘ಹಕ್ಕಿ, ಮರ, ಬೆಟ್ಟ’ ಸರಣಿ. ಅಚ್ಚ ಹಳದಿಯ, ಅಥವಾ ತಿಳಿನೀಲಿಯ, ವಿಶಾಲ ಬಯಲು. ಅದರಲ್ಲಿ ನೆಲದ ಹಂಗಿಲ್ಲದೆ ತೇಲುವ ಒಂದು ಬಂಡೆ. ಬಂಡೆಯ ಅಂಚಿನಲ್ಲಿ ಕುಳಿತ ಅಥವಾ ಗಾಳಿಯಲ್ಲಿ ನಿಂತ ಹಕ್ಕಿ. ಎಲ್ಲೋ ಒಂದು ಗಿಡ. ಇದು ಬಾಲ್ಯದ ಶಿಮ್ಲಾದ ನೆನಪೆಂದು ಹೇಳುವುದು ವಾಡಿಕೆ. ಆದರೆ ಅಷ್ಟಕ್ಕೇ ನಿಂತರೆ ಚಿತ್ರಗಳಿಗೆ ಅನ್ಯಾಯವಾಗುತ್ತದೆ. ಶಿಮ್ಲಾದ ಬೆಟ್ಟಕ್ಕೆ ಭಾರವಿದೆ, ಇಲ್ಲಿಯ ಬೆಟ್ಟಕ್ಕಿಲ್ಲ. ಹಕ್ಕಿಯೂ ಬೆಟ್ಟವೂ ಒಂದೇ ತೂಕದವಾಗಿ ನಿಲ್ಲುವ ಆ ಕ್ಷಣವೇ ಚಿತ್ರದ ವಸ್ತು. ಈ ಸರಣಿ ಹತ್ತು ವರ್ಷಕ್ಕೂ ಮಿಕ್ಕಿ ಮುಂದುವರಿಯಿತು. ಕೊಳ್ಳುವವರಿಗೆ ಪ್ರಿಯವಾಯಿತು. ಒಂದೇ ರಾಗವನ್ನು ಗವಾಯಿ ಮತ್ತೆ ಮತ್ತೆ ಹಾಡುವಂತೆ ಎಂಬ ಸಮರ್ಥನೆಯನ್ನು ಅಭಿಮಾನಿಗಳು ಕೊಡುತ್ತಾರೆ. ಸಮರ್ಥನೆ ಒಪ್ಪತಕ್ಕದ್ದೇ, ಆದರೆ ಎಲ್ಲ ಬೈಠಕ್ಕುಗಳೂ ಒಂದೇ ತೂಕದವಾಗಿರುವುದಿಲ್ಲ. ಸರಣಿಯ ಕೆಲವು ಚಿತ್ರಗಳು ನಿಜಕ್ಕೂ ನಿಸ್ತೇಜ. ತಾವೇ ಒಂದು ಕಾಲಕ್ಕೆ ವಿಮರ್ಶಕರಾಗಿ ಖಂಡಿಸುತ್ತಿದ್ದ ಸುಂದರ ಅಲಂಕರಣಕ್ಕೆ ತೀರ ಸಮೀಪದವು. 1978ರಲ್ಲಿ ಗೀತಾ ಕಪೂರ್ ಭಾರತದ ಸಮಕಾಲೀನ ಕಲಾವಿದರನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದಲ್ಲಿ ಸ್ವಾಮಿನಾಥನ್ ಅವರಿಗೂ ಒಂದು ಅಧ್ಯಾಯವಿದೆ. ಅಷ್ಟು ಹೊತ್ತಿಗೆ ಅವರು ಸ್ಥಾಪಿತ ಹೆಸರು. ಐವತ್ತು ವರ್ಷ ತುಂಬಿತ್ತು, ಶೈಲಿ ಗಟ್ಟಿಯಾಗಿತ್ತು. ಅಲ್ಲಿಗೇ ನಿಂತಿದ್ದರೆ ಯಾರೂ ಕೊರತೆ ಎಣಿಸುತ್ತಿರಲಿಲ್ಲ.

ಮಧ್ಯಪ್ರದೇಶ ಸರ್ಕಾರದ ಸಂಸ್ಕೃತಿ ಇಲಾಖೆಯಲ್ಲಿದ್ದ ಹಿಂದಿ ಕವಿ ಅಶೋಕ ವಾಜಪೇಯಿ ಅವರು ಭಾರತ ಭವನವನ್ನು ಕಟ್ಟುವ ಕೆಲಸಕ್ಕೆ ಹಲವು ಕ್ಷೇತ್ರದವರನ್ನು ಕರೆತಂದರು. ರಂಗಮಂಡಲದ ಹೊಣೆ ಕನ್ನಡದ ಬಿ.ವಿ. ಕಾರಂತರಿಗೆ ಬಂತು. ಕಾರಂತರು ಅಲ್ಲಿ ಬುಂದೇಲಿ, ಮಾಳವಿ ಮೊದಲಾದ ಆಡುನುಡಿಗಳಲ್ಲಿ ನಾಟಕ ಆಡಿಸಿದ್ದು ರಂಗಭೂಮಿಯ ಓದುಗರಿಗೆ ತಿಳಿದೇ ಇದೆ. ಅದೇ ಕಾಲದಲ್ಲಿ, ಅದೇ ಕಟ್ಟಡದ ಇನ್ನೊಂದು ಪಾರ್ಶ್ವದಲ್ಲಿ, ಅದೇ ದಿಕ್ಕಿನ ಕೆಲಸವನ್ನು ಚಿತ್ರಕಲೆಯಲ್ಲಿ ಸ್ವಾಮಿನಾಥನ್ ನಡೆಸುತ್ತಿದ್ದರು. ಇವೆರಡನ್ನೂ ಜೊತೆಗಿಟ್ಟು ನೋಡುವ ಅಧ್ಯಯನ ಕನ್ನಡದಲ್ಲಿ ಆಗಬೇಕಾದದ್ದಿದೆ.

ಉದ್ಘಾಟನೆಗೆ ಮುಂಚೆ ಸ್ವಾಮಿನಾಥನ್ ಕಲಾ ವಿದ್ಯಾರ್ಥಿಗಳ ತಂಡಗಳನ್ನು ರಾಜ್ಯದ ಮೂಲೆಮೂಲೆಗೆ ಕಳುಹಿಸಿದರು. ಮಾನವಶಾಸ್ತ್ರಜ್ಞರನ್ನು ಕಳುಹಿಸದೆ ಕಲಾ ವಿದ್ಯಾರ್ಥಿಗಳನ್ನು ಕಳುಹಿಸಿದ್ದು ಆಕಸ್ಮಿಕವಲ್ಲ. ಮಾನವಶಾಸ್ತ್ರಜ್ಞ ‘ಇದು ಯಾವ ಆಚರಣೆಗೆ ಸಂಬಂಧಿಸಿದ್ದು?’ ಎಂದು ಕೇಳುತ್ತಾನೆ. ಕಲಾ ವಿದ್ಯಾರ್ಥಿ ‘ಇದನ್ನು ಬರೆದವರು ಯಾರು? ಕೈ ಎಂಥದು?’ ಎಂದು ಕೇಳುತ್ತಾನೆ. 1981ರಲ್ಲಿ ಇಂಥ ಒಂದು ತಂಡ ಮಂಡ್ಲಾ ಸೀಮೆಯ ಪಾಟನ್‌ಗಢ ಎಂಬ ಹಳ್ಳಿಗೆ ಹೋಯಿತು. ವೆರಿಯರ್ ಎಲ್ವಿನ್ ಹಿಂದೊಮ್ಮೆ ನೆಲೆಸಿದ್ದ ಊರದು. ಅಲ್ಲಿ ಮನೆಯೊಂದರ ಗೋಡೆಯ ಮೇಲೆ ಬರೆದಿದ್ದ ಹನುಮಂತನ ಚಿತ್ರ ತಂಡದವರ ಕಣ್ಣು ಸೆಳೆಯಿತು. ಬರೆದವರು ಜನಗಢ್ ಸಿಂಗ್ ಶ್ಯಾಮ್ ಎಂಬ ಇಪ್ಪತ್ತರ ಆಸುಪಾಸಿನ ತರುಣ. ಸ್ವಾಮಿನಾಥನ್ ಅವರನ್ನು ಭೋಪಾಲಕ್ಕೆ ಕರೆತಂದು ಕಾಗದ, ಬಣ್ಣ, ಕ್ಯಾನ್ವಾಸುಗಳನ್ನು ಕೈಗಿತ್ತರು. ಮುಂದಿನ ವರ್ಷ ಭಾರತ ಭವನ ತೆರೆದಾಗ ಅವರ ಚಿತ್ರಗಳು ಅಲ್ಲಿ ಅವರ ಹೆಸರಿನೊಡನೆ ತೂಗುತ್ತಿದ್ದವು.

ಜನಗಢ್ ಹುಟ್ಟಿದ್ದು ಪರಧಾನ ಗೊಂಡರ ಕುಲದಲ್ಲಿ. ಪರಧಾನರು ಗೊಂಡರ ಗಾಯಕರು, ವಂಶಾವಳಿಯ ಕಾಪಿಗರು. ‘ಬಾನಾ’ ಎಂಬ ತಂತಿವಾದ್ಯವನ್ನು ನುಡಿಸುತ್ತ ಬಡಾದೇವನನ್ನು ಆವಾಹಿಸಿ, ಗೊಂಡ ಯಜಮಾನರ ಮನೆಬಾಗಿಲಿಗೆ ಹೋಗಿ ಅವರ ಹಿರಿಯರ ಕಥನವನ್ನು ಹಾಡಿ ದಾನ ಪಡೆಯುವುದು ಅವರ ವೃತ್ತಿ. ನಮ್ಮ ಹೆಳವರನ್ನು ಬಲ್ಲವರಿಗೆ ಈ ಸಂಬಂಧದ ಸ್ವರೂಪವನ್ನು ಬಿಡಿಸಿ ಹೇಳಬೇಕಿಲ್ಲ. ಯಜಮಾನರ ಕೈ ಬಡವಾದಂತೆ ಆ ಹಾಡಿನ ವೃತ್ತಿ ಕ್ಷೀಣಿಸಿತ್ತು. ಹೀಗಾಗಿ ಜನಗಢ್ ಬರೆದದ್ದನ್ನು ‘ಸಾವಿರಾರು ವರ್ಷಗಳ ಗೊಂಡ ಚಿತ್ರಪರಂಪರೆ’ ಎಂದು ಕರೆಯುವುದು ಪ್ರವಾಸಿ ಕೈಪಿಡಿಗಳ ಮಾತು. ಗೋಡೆ ನೆಲಗಳ ಮೇಲಿನ ‘ಡಿಗ್ನಾ’ ರೇಖಾವಿನ್ಯಾಸ, ಮಣ್ಣಿನ ಉಬ್ಬುಗೆತ್ತನೆ, ಹಚ್ಚೆಯ ಗುರುತು ಇವೆಲ್ಲ ಅಲ್ಲಿ ಇದ್ದವು ನಿಜ. ಆದರೆ ಹಾಡಿನಲ್ಲಿ ಮಾತ್ರ ಬದುಕಿದ್ದ ದೇವತೆಗಳಿಗೆ ಕಾಗದದ ಮೇಲೆ ಮೈ ಕೊಟ್ಟದ್ದು, ಚುಕ್ಕೆ ಮತ್ತು ಸಣ್ಣ ಗೀರುಗಳ ಹೆಣಿಗೆಯಿಂದ ಪ್ರಾಣಿ ಪಕ್ಷಿ ಮರಗಳ ಒಡಲನ್ನು ತುಂಬಿದ್ದು ಒಬ್ಬ ವ್ಯಕ್ತಿಯ ಪ್ರತಿಭೆ. ಈ ಶೈಲಿಗೆ ‘ಜನಗಢ್ ಕಲಮ್’ ಎಂಬ ಹೆಸರು ನಿಂತಿರುವುದು ಆದ್ದರಿಂದಲೇ. ಮೌಖಿಕ ಕಾವ್ಯವೊಂದು ಬರಹಕ್ಕೆ ಬಾರದೆ ನೇರವಾಗಿ ಚಿತ್ರಕ್ಕೆ ಹೊರಳಿದ ಈ ಘಟನೆ ಕಲಾ ಚರಿತ್ರೆಗೆ ಎಷ್ಟು ಸಂಬಂಧಿಸಿದ್ದೋ ಸಾಹಿತ್ಯ ಚರಿತ್ರೆಗೂ ಅಷ್ಟೇ ಸಂಬಂಧಿಸಿದ್ದು.

ಇದೇ ಬಗೆಯಲ್ಲಿ ಇನ್ನೊಂದಿಷ್ಟು ಹೆಸರುಗಳು ಹೊರಬಂದವು. ಜಾಬುವಾ ಸೀಮೆಯ ಭೀಲ ಮಹಿಳೆ ಭೂರಿಬಾಯಿ ಭಾರತ ಭವನದ ಕಟ್ಟಡದ ಕೆಲಸದಲ್ಲಿ ಕೂಲಿಯಾಗಿದ್ದವರು. ನಿಮ್ಮ ಕಡೆ ಗೋಡೆಯ ಮೇಲೆ ಬರೆಯುವುದನ್ನು ಇಲ್ಲಿ ಬರೆದು ತೋರಿಸಿ ಎಂದು ಅವರನ್ನು ಕೇಳಿದವರು ಸ್ವಾಮಿನಾಥನ್. ಭೀಲರಲ್ಲಿ ಪಿಥೋರಾ ದೇವರ ಕುದುರೆಗಳನ್ನು ವಿಧಿವತ್ತಾಗಿ ಬರೆಯುವ ಹಕ್ಕು ಗಂಡಸರದು; ಪೇಮಾ ಫತ್ಯಾ ಆ ಪರಂಪರೆಯ ಹೆಸರಾಂತ ಕೈ. ಹೆಣ್ಣೊಬ್ಬಳು ಕಾಗದದ ಮೇಲೆ ತನ್ನದೇ ಲೋಕವನ್ನು ಬರೆದು ಕಲಾವಿದೆ ಎನಿಸಿಕೊಂಡದ್ದು ‘ಪರಂಪರೆಯ ಸಂರಕ್ಷಣೆ’ ಎಂಬ ಪದದೊಳಗೆ ಅಡಗುವಂಥದಲ್ಲ. ಸುರ್ಗುಜಾ ಸೀಮೆಯ ಸೋನಾಬಾಯಿ ರಜವಾರ್ ಹಲವು ವರ್ಷ ಮನೆಯ ಹೊರಗೆ ಹೋಗಲಾಗದ ಸ್ಥಿತಿಯಲ್ಲಿ ಬದುಕಿ, ಜೇಡಿಮಣ್ಣಿನ ಬೊಂಬೆಗಳಿಂದಲೂ ಜಾಲಂಧ್ರಗಳಿಂದಲೂ ತನ್ನ ಮನೆಯನ್ನೇ ತುಂಬಿದ್ದವರು. ಈಕೆಗೆ ಗುರುವಿಲ್ಲ, ಆ ಬಗೆಯ ಕೆಲಸಕ್ಕೆ ಆ ಊರಿನಲ್ಲಿ ಪೂರ್ವಮಾದರಿಯೂ ಇರಲಿಲ್ಲ. ಜಾನಪದವೆಂದರೆ ಕರ್ತೃವಿಲ್ಲದ ಸಾಮೂಹಿಕ ಸೃಷ್ಟಿ ಎಂಬ ಪಠ್ಯಪುಸ್ತಕದ ವ್ಯಾಖ್ಯೆಗೆ ಸೋನಾಬಾಯಿಯವರ ಗೋಡೆಗಳಿಗಿಂತ ಬಲವಾದ ಆಕ್ಷೇಪ ಸಿಗುವುದು ಕಷ್ಟ.

ತಮ್ಮ ಈ ಕೆಲಸದ ತಾತ್ತ್ವಿಕ ಸಮರ್ಥನೆಯನ್ನು ಸ್ವಾಮಿನಾಥನ್ 1987ರಲ್ಲಿ ಭಾರತ ಭವನ ಪ್ರಕಟಿಸಿದ ‘ದಿ ಪರ್ಸೀವಿಂಗ್ ಫಿಂಗರ್ಸ್’ ಎಂಬ ಗ್ರಂಥದಲ್ಲಿ ಮಂಡಿಸಿದರು. ಗ್ರಹಿಸುವ ಬೆರಳುಗಳು: ನೋಡುವುದು ಕಣ್ಣಾದರೂ ಅರಿಯುವುದು ಕೈ ಎಂಬ ಸೂಚನೆ ಹೆಸರಿನಲ್ಲಿಯೇ ಇದೆ. ವಾದದ ತಿರುಳು ಹೀಗಿದೆ. ಮನುಷ್ಯಕುಲ ಒಂದೇ ಏಣಿಯನ್ನು ಹತ್ತುತ್ತಿದೆ, ಆದಿವಾಸಿ ಕೆಳಗಿನ ಮೆಟ್ಟಿಲಲ್ಲಿದ್ದಾನೆ, ನಗರದವನು ಮೇಲಿದ್ದಾನೆ ಎಂಬ ಚಿತ್ರವೇ ತಪ್ಪು. ಹಲವು ಸಂಸ್ಕೃತಿಗಳು ಒಂದೇ ಗಳಿಗೆಯಲ್ಲಿ ಅಕ್ಕಪಕ್ಕ ಬದುಕುತ್ತಿವೆ. ಆ ಸಹಬಾಳ್ವೆಯೇ ಸಮಕಾಲೀನತೆ. ಇಂದು ಬದುಕಿರುವವನು ಇಂದು ಬರೆದದ್ದು ಇಂದಿನದು. ಅದನ್ನು ನಿನ್ನೆಯದೆಂದು ಕರೆಯುವ ಅಧಿಕಾರವನ್ನು ಇನ್ನೊಬ್ಬನಿಗೆ ಕೊಟ್ಟವರಾರು?

ಕನ್ನಡದ ಓದುಗರಿಗೆ ಇಲ್ಲಿ ದೇಸಿ ಮಾರ್ಗಗಳ ಚರ್ಚೆ ನೆನಪಾಗುವುದು ಸಹಜ. ಪಂಪನಿಂದ ಮೊದಲುಗೊಂಡು ನಮ್ಮ ಕವಿಗಳು ಇವೆರಡರ ಹೊಂದಾಣಿಕೆಯ ಮಾತಾಡಿದ್ದಾರೆ. ಆದರೆ ಹೊಂದಾಣಿಕೆಯ ಕರ್ತೃ ಅಲ್ಲಿ ಮಾರ್ಗವನ್ನು ಬಲ್ಲ ಕವಿಯೇ. ದೇಸಿ ಅವನ ಕೈಗೆ ಬರುವ ಸಾಮಗ್ರಿ. ಸ್ವಾಮಿನಾಥನ್ ಹಿಡಿದ ದಾರಿ ಬೇರೆ. ಅವರು ದೇಸಿಯನ್ನು ತೆಗೆದುಕೊಂಡು ಮಾರ್ಗವನ್ನು ಶ್ರೀಮಂತಗೊಳಿಸಲು ಹೋಗಲಿಲ್ಲ, ದೇಸಿಯ ಕರ್ತೃವನ್ನೇ ತಂದು ಪಕ್ಕದಲ್ಲಿ ಕೂರಿಸಿದರು. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಜನಪದ ಕಾವ್ಯ ಬಹುಮಟ್ಟಿಗೆ ಒಂದು ಪ್ರತ್ಯೇಕ ಅಧ್ಯಾಯವಾಗಿ, ಕಾಲವಿಲ್ಲದ ಹಿನ್ನೆಲೆಯಾಗಿ ಬರುತ್ತದೆ. ಹಾಡಿದವರ ಹೆಸರು ಬಂದರೂ ‘ವಕ್ತೃ’ ಎಂಬ ತಲೆಬರಹದಡಿ, ಅನುಬಂಧದಲ್ಲಿ. ಕವಿ ಎಂಬ ಪದ ಅವರಿಗೆ ದಕ್ಕುವುದು ಅಪರೂಪ. ಭೋಪಾಲದ ಪ್ರಯೋಗ ಈ ಅಭ್ಯಾಸಕ್ಕೆ ಎಸೆಯುವ ಸವಾಲು ಇನ್ನೂ ಹಾಗೆಯೇ ಇದೆ.

ಸವಾಲು ಭೋಪಾಲದ ಪ್ರಯೋಗಕ್ಕೂ ಇದೆ, ಅದನ್ನು ಮರೆಮಾಚಬಾರದು. ಯಾವ ಗೋಡೆ ಕಲೆ, ಯಾವ ಗೋಡೆ ಬರಿಯ ಗೋಡೆ ಎಂದು ತೀರ್ಮಾನಿಸಿದವರು ನಗರದಿಂದ ಬಂದವರೇ. ಕಾಗದ ಮತ್ತು ಅಕ್ರಿಲಿಕ್ ಬಣ್ಣ ಕೊಟ್ಟ ಕ್ಷಣದಲ್ಲಿಯೇ ಚಿತ್ರ ಮಳೆಗೆ ಕರಗುವ ಗೋಡೆಯನ್ನು ಬಿಟ್ಟು ಮಾರುಕಟ್ಟೆಯ ವಸ್ತುವಾಯಿತು. ಹಾಡಿಗೆ ದಾನ ಕೊಡುತ್ತಿದ್ದ ಗೊಂಡ ಯಜಮಾನನ ಜಾಗಕ್ಕೆ ಸರ್ಕಾರ, ಸಂಗ್ರಹಕಾರ, ವಿದೇಶೀ ಸಂಸ್ಥೆಗಳು ಬಂದವು. ಸ್ವಾಮಿನಾಥನ್ ಅವರ ಬರಹದಲ್ಲಿ ಬಡತನ, ಸಾಲ, ಕಾಡಿನ ಕಾನೂನು ಇವುಗಳಿಗಿಂತ ದೈವ, ಮಾಯೆ, ಬಿಂಬಗಳೇ ಹೆಚ್ಚು ಜಾಗ ಪಡೆಯುತ್ತವೆ. ಹಿಂದೆ ಕಾರ್ಮಿಕ ಸಂಘಟನೆಯಲ್ಲಿದ್ದವರಿಂದ ಇನ್ನಷ್ಟು ನಿರೀಕ್ಷಿಸಿದರೆ ತಪ್ಪಲ್ಲ. ಆದರೂ ಈ ಆಕ್ಷೇಪಗಳನ್ನು ಎತ್ತುವವರು ಒಂದು ಸಂಗತಿಗೆ ಉತ್ತರಿಸಬೇಕು: ಪರ್ಯಾಯವಾಗಿ ಇದ್ದದ್ದು ಹೆಸರಿಲ್ಲದ ಮಳಿಗೆ ಮತ್ತು ಗಾಜಿನ ಪೆಟ್ಟಿಗೆ. ಅವೆರಡರಲ್ಲಿ ಜನಗಢ್ ತಮ್ಮ ಅಂಕಿತ ಹಾಕಬಹುದಾದ ಜಾಗ ಎಲ್ಲಿತ್ತು?

1990ರಲ್ಲಿ ಸ್ವಾಮಿನಾಥನ್ ಭಾರತ ಭವನವನ್ನು ಬಿಟ್ಟು ದೆಹಲಿಗೆ ಮರಳಿದರು. ಕೊನೆಯ ವರ್ಷಗಳ ಅವರ ಚಿತ್ರಗಳನ್ನು ನೋಡಿದವರಿಗೆ ಅಚ್ಚರಿಯಾಗುತ್ತದೆ. ಹಕ್ಕಿ ಹಾರಿಹೋಗಿತ್ತು, ಬೆಟ್ಟ ಕರಗಿತ್ತು. ಮಣ್ಣಿನ ಬಣ್ಣಗಳು, ಜೇನುಮೇಣ, ಬೆರಳಿನಿಂದ ಎಳೆದ ಗೆರೆ, ತ್ರಿಕೋನ, ಓದಲಾಗದ ಲಿಪಿಯಂಥ ಗೀರುಗಳು. ಅರವತ್ತರ ದಶಕದ ಆರಂಭದ ಒರಟು ಚಿಹ್ನೆಗಳು ಮೂವತ್ತು ವರ್ಷಗಳ ಬಳಿಕ ಹೊಸ ಕಸುವಿನಿಂದ ಮರಳಿದ್ದವು. ನಡುವಣ ಕಾಲದಲ್ಲಿ ಅವರು ಗೊಂಡ ಭೀಲರ ಗೋಡೆಗಳ ಎದುರು ನಿಂತಿದ್ದರು. ಕಲಿಸಲು ಹೋದವರು ಕಲಿತು ಬಂದರು ಎಂಬುದನ್ನು ಈ ಚಿತ್ರಗಳಷ್ಟು ನಿಸ್ಸಂಕೋಚವಾಗಿ ಅವರ ಗದ್ಯವೂ ಒಪ್ಪಿಕೊಂಡಿಲ್ಲ. ಅವರ ಒಟ್ಟು ಕೃತಿಸಮುದಾಯದಲ್ಲಿ ಇವೇ ಶ್ರೇಷ್ಠ. ಜನಪ್ರಿಯತೆ ಮಾತ್ರ ಇಂದಿಗೂ ಹಕ್ಕಿ ಬೆಟ್ಟಗಳಿಗೇ. ಗಡ್ಡ, ಲುಂಗಿ, ಕೈಯಲ್ಲಿ ಬೀಡಿ ಇವುಗಳಿಂದಲೇ ಕಲಾವಲಯದಲ್ಲಿ ಗುರುತಾಗಿದ್ದ ಸ್ವಾಮಿನಾಥನ್ 1994ರ ಏಪ್ರಿಲ್ 25ರಂದು ದೆಹಲಿಯಲ್ಲಿ ತೀರಿಕೊಂಡರು. ಆಗ ಅವರಿಗೆ ಅರವತ್ತೈದು ವರ್ಷ.

ಜನಗಢ್ ಸಿಂಗ್ ಶ್ಯಾಮ್ ಅವರ ಚಿತ್ರಗಳು 1989ರಲ್ಲಿ ಪ್ಯಾರಿಸ್ಸಿನ ಪಾಂಪಿದೂ ಕೇಂದ್ರದ ‘ಮೆಜೀಸಿಯಾಂ ದ ಲಾ ತೇರ್’ ಪ್ರದರ್ಶನದಲ್ಲಿದ್ದವು. ಕೊರಿಯಾ ಅವರೇ ವಿನ್ಯಾಸಗೊಳಿಸಿದ ಭೋಪಾಲದ ವಿಧಾನಸಭಾ ಭವನದ ಗೋಡೆಗಳ ಮೇಲೂ ಅವರು ಬರೆದರು. 2001ರಲ್ಲಿ ಜಪಾನಿನ ನಿಗಾಟಾ ಪ್ರಾಂತದ ಮಿಥಿಲಾ ಮ್ಯೂಸಿಯಂನಲ್ಲಿ ಚಿತ್ರ ಬರೆಯುತ್ತಿದ್ದ ಅವಧಿಯಲ್ಲಿ, ನಲವತ್ತರ ಆಸುಪಾಸಿನಲ್ಲಿ, ಅವರು ಆತ್ಮಹತ್ಯೆ ಮಾಡಿಕೊಂಡರು. ಹೆಸರು ಸಿಕ್ಕ ಕಲಾವಿದನಿಗೆ ನಗರದ ಕಲಾವಿದನಿಗಿರುವ ರಕ್ಷಣೆಯೂ ಸಿಕ್ಕಿತ್ತೇ ಎಂಬ ಪ್ರಶ್ನೆಯನ್ನು ಆ ಸಾವು ಎತ್ತಿತು. ಸ್ವಾಮಿನಾಥನ್ ಆಗ ಬದುಕಿರಲಿಲ್ಲ.

ಜನಗಢ್ ಬದುಕಿದ್ದಾಗಲೇ ಬಂಧುಬಳಗದ ಹಲವರನ್ನು ಭೋಪಾಲಕ್ಕೆ ಕರೆಸಿಕೊಂಡು, ತಮ್ಮ ಕೆಲಸದಲ್ಲಿ ಜೊತೆಗೂಡಿಸಿ, ಕೈ ಪಳಗಿಸಿದ್ದರು. ಭಜ್ಜು ಶ್ಯಾಮ್, ವೆಂಕಟರಮಣ ಸಿಂಗ್ ಶ್ಯಾಮ್, ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಎಲ್ಲರೂ ಆ ಬಳಿಯಿಂದ ಬಂದವರು. ಭೂರಿಬಾಯಿಯವರಿಗೆ 2021ರಲ್ಲಿ ಪದ್ಮಶ್ರೀ ಬಂತು. ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ದಂಪತಿಗಳು ಅಂಬೇಡ್ಕರರ ಜೀವನವನ್ನು ಆಧರಿಸಿದ, 2011ರಲ್ಲಿ ಪ್ರಕಟವಾದ ‘ಭೀಮಾಯಣ’ ಎಂಬ ಚಿತ್ರಕಥನಕ್ಕೆ ಚಿತ್ರ ಬರೆದರು. ಕಾಮಿಕ್ಸ್ ಪುಸ್ತಕಗಳ ವಾಡಿಕೆಯಂತೆ ಪುಟವನ್ನು ಚೌಕಗಳಾಗಿ ಕತ್ತರಿಸಿ, ಪಾತ್ರಗಳನ್ನು ಅವುಗಳೊಳಗೆ ಕೂಡಿಹಾಕಲು ಅವರು ಒಪ್ಪಲಿಲ್ಲ. ಪೆಟ್ಟಿಗೆಗಳ ಬದಲು ಮನೆಯ ಗೋಡೆ ನೆಲಗಳ ಮೇಲೆ ಬರೆಯುತ್ತಿದ್ದ ಡಿಗ್ನಾ ರೇಖೆಗಳು ಆ ಪುಟಗಳಲ್ಲಿ ಹರಿಯುತ್ತವೆ.